ಹನ್ನೆರಡೇ ಚಾನ್ಸ್: ತಾತನ ಎರಡು ಕಣ್ಣಿನ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತೆ

ನಿಮ್ಮ ಫೋನ್‌ನಲ್ಲಿ ಈಗ ಎಷ್ಟು ಫೋಟೋ ಇದೆ ಅಂತ ಒಮ್ಮೆ ನೋಡಿ. ನನ್ನದರಲ್ಲಿ 11,000 ದಾಟಿದೆ. ಅದರಲ್ಲಿ ಅರ್ಧ ಬೋರ್ಡ್ ಮೇಲಿನ ನೋಟ್ಸ್, ಇನ್ನರ್ಧ ಕ್ಯಾಂಟೀನ್‌ನಲ್ಲಿ ಒಂದೇ ಪೋಸ್‌ನಲ್ಲಿ ತೆಗೆದ ಹದಿನೈದು ಹದಿನೈದು ಸೆಲ್ಫಿ. ಆದರೆ ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಬರೀ ಎರಡು ರೋಲ್ ಫಿಲ್ಮ್ ಬಳಸಿದೆ. ಒಂದು ರೋಲ್‌ಗೆ ಹನ್ನೆರಡು ಫ್ರೇಮ್, ಒಟ್ಟು 24. ಅದರಲ್ಲಿ ಒಂದೇ ಒಂದು ಫೋಟೋ ನನಗೆ ನಿಜವಾಗಿ ಬೇಕಾಗಿತ್ತು. ಅದನ್ನು ತೆಗೆಯೋಕೆ ಫಿಸಿಕ್ಸ್, ಮೆಕ್ಯಾನಿಕ್ಸ್, ಕೆಮಿಸ್ಟ್ರಿ ಮೂರೂ ಮತ್ತೆ ಕಲಿಯಬೇಕಾಯ್ತು. ಆ ಕಲಿತದ್ದನ್ನು ಇಲ್ಲಿ ಬರೀತಿದ್ದೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡದಲ್ಲಿ ಎಲ್ಲಾದರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮ ತಾತ ಅರಸೀಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮದುವೆ, ನಾಮಕರಣ, ಎಸ್ಸೆಸ್ಸೆಲ್ಸಿ ಅರ್ಜಿಗೆ ಪಾಸ್‌ಪೋರ್ಟ್ ಸೈಜ್, ಎಲ್ಲವೂ. ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ ಆಯ್ತು. ಆದರೆ ಅವರ ಯಾಶಿಕಾ-ಡಿ ಕ್ಯಾಮೆರಾ ಮಾತ್ರ ಗಾಡ್ರೆಜ್ ಬೀರುವಿನಲ್ಲಿ, ಅಜ್ಜಿಯ ರೇಷ್ಮೆ ಸೀರೆಗಳ ಕೆಳಗೆ, ಚರ್ಮದ ಕೇಸ್‌ನಲ್ಲಿ ಹಾಗೇ ಇತ್ತು. ಕಪ್ಪು ಡಬ್ಬಿ, ಮುಂದೆ ಒಂದರ ಮೇಲೊಂದು ಎರಡು ಲೆನ್ಸ್. ಚಿಕ್ಕವಳಿದ್ದಾಗ ಒಂದು ಲೆನ್ಸ್ ಸ್ಪೇರ್ ಅಂದ್ಕೊಂಡಿದ್ದೆ.

ತಾತನಿಗೆ ಗ್ಲಾಕೋಮಾ ಇದೆ. ದೃಷ್ಟಿ ಅಂಚಿನಿಂದ ಒಳಗೆ ಕಮ್ಮಿ ಆಗ್ತಾ ಬರ್ತಿದೆ, ಈಗ ಕೊಳವೆಯೊಳಗಿಂದ ನೋಡಿದ ಹಾಗೆ ಮಧ್ಯದಲ್ಲಿ ಸ್ವಲ್ಪ ಜಾಗ ಮಾತ್ರ ಕಾಣುತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಉಳಿಸಿಕೊಳ್ಳೋಕೆ ಡ್ರಾಪ್ಸ್ ಹಾಕ್ಕೋಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಊರಿನ ಅರ್ಧ ಜನರ ಮದುವೆ ಆಲ್ಬಮ್ ಮಾಡಿದ ಮನುಷ್ಯನಿಗೆ ಅಜ್ಜಿ ಜೊತೆ ಕೂತು ತೆಗೆಸಿಕೊಂಡ ಒಂದು ಒಳ್ಳೆ ಫೋಟೋ ಇಲ್ಲ. ಅವರದೇ ಕ್ಯಾಮೆರಾದಲ್ಲಿ, ಅವರಿಗೆ ಕಾಣೋ ಅಷ್ಟರೊಳಗೆ, ಆ ಫೋಟೋ ತೆಗೆಯಬೇಕು ಅನ್ನೋದು ನನ್ನ ಪ್ಲಾನ್.

ಎರಡು ಕಣ್ಣು ಯಾಕೆ?

ಈ ಜಾತಿಯ ಕ್ಯಾಮೆರಾಗೆ ಟ್ವಿನ್ ಲೆನ್ಸ್ ರಿಫ್ಲೆಕ್ಸ್ ಅಂತಾರೆ, ಚಿಕ್ಕದಾಗಿ ಟಿಎಲ್ಆರ್. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿದ್ದ ಫ್ರಾಂಕೆ ಅಂಡ್ ಹೈಡೆಕೆ ಕಂಪನಿ 1929ರಲ್ಲಿ ತಂದ ರೋಲೈಫ್ಲೆಕ್ಸ್ ಇದನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿತು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರವಾಲಾ ಬಳಸಿದ ಕ್ಯಾಮೆರಾಗಳಲ್ಲಿ ರೋಲೈಫ್ಲೆಕ್ಸ್ ಕೂಡ ಒಂದು. ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳೋ ಕೆಲಸ ಮಾಡ್ತಾ, ಯಾರಿಗೂ ತೋರಿಸದೆ ಸಾವಿರಾರು ಬೀದಿ ಚಿತ್ರ ತೆಗೆದ ವಿವಿಯನ್ ಮೇಯರ್ ಕೈಯಲ್ಲೂ ಇದ್ದದ್ದು ಅದೇ. ರೋಲೈಫ್ಲೆಕ್ಸ್ ದುಬಾರಿ. ಜಪಾನಿನ ಯಾಶಿಕಾ ಕಂಪನಿ ಅದೇ ತತ್ವದ ಮೇಲೆ ಕಮ್ಮಿ ಬೆಲೆಯ ಕ್ಯಾಮೆರಾಗಳನ್ನು ಮಾಡಿತು. ತಾತನ ಯಾಶಿಕಾ-ಡಿ ಮಾಡೆಲ್ ಬಂದದ್ದು 1958ರಲ್ಲಿ.

ಎರಡು ಲೆನ್ಸ್‌ಗೆ ಕಾರಣ ಸಿಂಪಲ್. ಕೆಳಗಿನ ಲೆನ್ಸ್ ಫಿಲ್ಮ್ ಮೇಲೆ ಚಿತ್ರ ಬೀಳಿಸೋಕೆ. ಅದರೊಳಗೇ ಶಟರ್ ಮತ್ತು ಅಪರ್ಚರ್ ಇರುತ್ತೆ. ಮೇಲಿನ ಲೆನ್ಸ್ ನಾವು ನೋಡೋಕೆ ಮಾತ್ರ. ಅದರಿಂದ ಬಂದ ಬೆಳಕು 45 ಡಿಗ್ರಿಯಲ್ಲಿ ಕೂರಿಸಿದ ಕನ್ನಡಿಗೆ ಬಡಿದು ಮೇಲೆ ತಿರುಗಿ, ಡಬ್ಬಿಯ ತಲೆ ಮೇಲಿರೋ ಮಸುಕು ಗಾಜಿನ ಮೇಲೆ ಬೀಳುತ್ತೆ. ಎರಡೂ ಲೆನ್ಸ್‌ನ ಫೋಕಲ್ ಲೆಂತ್ ಒಂದೇ, 80 ಮಿ.ಮೀ. ಎರಡನ್ನೂ ಒಂದೇ ಲೋಹದ ಪ್ಲೇಟ್‌ಗೆ ಜೋಡಿಸಿದ್ದಾರೆ. ಫೋಕಸ್ ನಾಬ್ ತಿರುಗಿಸಿದ್ರೆ ಇಡೀ ಪ್ಲೇಟ್ ಹಿಂದೆ ಮುಂದೆ ಹೋಗುತ್ತೆ. ಮೇಲಿನ ಲೆನ್ಸ್‌ನಿಂದ ಕನ್ನಡಿ, ಕನ್ನಡಿಯಿಂದ ಗಾಜು, ಈ ದೂರ ಕೂಡಿದ್ರೆ ಬರೋ ಮೊತ್ತ ಕೆಳಗಿನ ಲೆನ್ಸ್‌ನಿಂದ ಫಿಲ್ಮ್‌ವರೆಗಿನ ದೂರಕ್ಕೆ ಸರಿಸಮ. ಹಾಗಾಗಿ ಗಾಜಿನ ಮೇಲೆ ಶಾರ್ಪ್ ಆಗಿ ಕಂಡದ್ದು ಫಿಲ್ಮ್ ಮೇಲೂ ಶಾರ್ಪ್.

ಪಿಯುಸಿಯ 1/ಎಫ್ = 1/ಯು + 1/ವಿ ಸೂತ್ರ ನೆನಪಿದೆಯಾ? (ಚಿಹ್ನೆಗಳ ಗಲಾಟೆ ಬೇಡ, ಎಲ್ಲ ಪಾಸಿಟಿವ್ ಅಂದ್ಕೊಳ್ಳಿ.) ತುಂಬಾ ದೂರದ ಬೆಟ್ಟಕ್ಕೆ ಲೆನ್ಸ್ ಫಿಲ್ಮ್‌ನಿಂದ 80 ಮಿ.ಮೀ. ದೂರದಲ್ಲಿರಬೇಕು. 3 ಮೀಟರ್ ದೂರದ ಮನುಷ್ಯನಿಗೆ 82.2 ಮಿ.ಮೀ. 1 ಮೀಟರ್‌ಗೆ ಸುಮಾರು 87 ಮಿ.ಮೀ. ಅಂದ್ರೆ ಬೆಟ್ಟದಿಂದ ಎದುರಿಗೆ ಕೂತವರ ಮುಖದವರೆಗೆ ಇಡೀ ಜಗತ್ತು ಬರೀ 7 ಮಿ.ಮೀ. ಚಲನೆಯಲ್ಲಿ ಮುಗಿದು ಹೋಗುತ್ತೆ. ಸೂತ್ರವನ್ನು ಎರಡು ವರ್ಷ ಬಾಯಿಪಾಠ ಮಾಡಿದ್ದೆ. ಅದು ಕೈಗೆ ತಾಗಿದ್ದು ಆ ನಾಬ್ ತಿರುಗಿಸಿದಾಗ.

ಕನ್ನಡಿ ಅಲ್ಲಾಡಲ್ಲ ಅನ್ನೋದು ಇನ್ನೊಂದು ಲಾಭ. ಡಿಎಸ್ಎಲ್ಆರ್‌ನಲ್ಲಿ ಕ್ಲಿಕ್ ಮಾಡಿದಾಗ ಕನ್ನಡಿ ಮೇಲೆ ಹಾರಿ ಒಂದು ಕ್ಷಣ ಕತ್ತಲಾಗುತ್ತೆ. ಇಲ್ಲಿ ಆ ಕ್ಷಣವೂ ಕಾಣ್ತಾನೇ ಇರುತ್ತೆ. ಸದ್ದೂ ಕಮ್ಮಿ, ಸಣ್ಣದಾಗಿ ‘ಟಿಕ್’ ಅಷ್ಟೇ.

ಎಡಕ್ಕೆ ಹೋಗು ಅಂದ್ರೆ ಬಲಕ್ಕೆ

ಕ್ಯಾಮೆರಾನ ಕಣ್ಣಿಗೆ ಹಿಡಿಯಲ್ಲ. ಕತ್ತಿನ ಬೆಲ್ಟ್‌ನಲ್ಲಿ ನೇತುಹಾಕಿ, ಹೊಟ್ಟೆ ಹತ್ತಿರ ಹಿಡಿದು, ಬಾವಿಗೆ ಇಣುಕಿದ ಹಾಗೆ ಮೇಲಿಂದ ನೋಡಬೇಕು. ಗಾಜಿನ ಮೇಲೆ ಚಿತ್ರ ನೇರವಾಗೇ ಕಾಣುತ್ತೆ, ಆದರೆ ಎಡ ಬಲ ಅದಲು ಬದಲು. ಲೆನ್ಸ್ ಮೇಲೆ ಕೆಳಗೆಯನ್ನೂ ಎಡ ಬಲವನ್ನೂ ಎರಡನ್ನೂ ತಿರುಗಿಸುತ್ತೆ. ಕನ್ನಡಿ ಅದರಲ್ಲಿ ಮೇಲೆ ಕೆಳಗೆಯನ್ನು ಮಾತ್ರ ಸರಿ ಮಾಡುತ್ತೆ. ಉಳಿದದ್ದು ಹಾಗೇ ಉಳಿಯುತ್ತೆ.

ಮೊದಲ ದಿನ ನಮ್ಮ ಬೀದಿಯಲ್ಲಿ ಸೈಕಲ್ ಹುಡುಗನೊಬ್ಬನ ಹಿಂದೆ ಕ್ಯಾಮೆರಾ ತಿರುಗಿಸೋಕೆ ಹೋಗಿ ಅವನು ಒಂದು ಕಡೆ, ನಾನು ಒಂದು ಕಡೆ. ಒಂದು ಗಂಟೆ ಫಿಲ್ಮ್ ಇಲ್ಲದೆ ಸುಮ್ಮನೆ ಬೀದಿ ನೋಡ್ತಾ ಪ್ರಾಕ್ಟೀಸ್ ಮಾಡಿ, ಆಮೇಲೆ ಕೈ ದಾರಿಗೆ ಬರುತ್ತೆ.

120 ಅನ್ನೋದು ಸೈಜ್ ಅಲ್ಲ

ಇದಕ್ಕೆ ಬೇಕಾದ ಫಿಲ್ಮ್ ಹೆಸರು 120. ಅದು ಅಳತೆ ಅಲ್ಲ, ಕೊಡಕ್ ಕಂಪನಿ ಕೊಟ್ಟ ನಂಬರ್. 1901ರಲ್ಲಿ ಶುರುವಾದ ಈ ಫಿಲ್ಮ್ ಇವತ್ತಿಗೂ ತಯಾರಾಗ್ತಿದೆ. ಒಂದು ಕಾಲದಲ್ಲಿ ನಮ್ಮ ದೇಶದಲ್ಲೇ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಫಿಲ್ಮ್ ಮಾಡ್ತಿತ್ತು. ತಾತ ಇಂದು ಫಿಲ್ಮ್ ಬಗ್ಗೆ ಹಳೇ ಸ್ನೇಹಿತನ ಬಗ್ಗೆ ಮಾತಾಡೋ ಹಾಗೆ ಮಾತಾಡ್ತಾರೆ. ಆ ಕಾರ್ಖಾನೆ ಈಗ ಮುಚ್ಚಿದೆ. ನಾನು ತರಿಸಿದ್ದು ಇಲ್ಫರ್ಡ್ ಎಚ್‌ಪಿ5 ಪ್ಲಸ್, ಕಪ್ಪು ಬಿಳುಪು, ಐಎಸ್ಒ 400. ಒಂದು ರೋಲ್ ಸಾವಿರ ರೂಪಾಯಿ ಹತ್ತಿರ ಬಿತ್ತು. ಅಂದ್ರೆ ಪ್ರತಿ ಕ್ಲಿಕ್‌ಗೆ ಮೆಸ್‌ನ ಒಂದು ಒಳ್ಳೆ ಊಟ.

35 ಎಂಎಂ ಫಿಲ್ಮ್‌ನ ಫ್ರೇಮ್ 24 × 36 ಮಿ.ಮೀ. ಈ ಕ್ಯಾಮೆರಾದ ಫ್ರೇಮ್‌ಗೆ 6 × 6 ಸೆಂ.ಮೀ. ಅಂತ ಹೇಳ್ತಾರೆ, ನಿಜವಾದ ಅಳತೆ ಸುಮಾರು 56 × 56 ಮಿ.ಮೀ. ಲೆಕ್ಕ ಹಾಕಿದ್ರೆ ವಿಸ್ತೀರ್ಣ ಮೂರೂವರೆ ಪಟ್ಟಿಗಿಂತ ಜಾಸ್ತಿ. ಇದರ ಪ್ರಯೋಜನ ಪ್ರಿಂಟ್‌ನಲ್ಲಿ ಗೊತ್ತಾಗುತ್ತೆ. 10 ಇಂಚಿನ ಚೌಕ ಪ್ರಿಂಟ್ ಮಾಡೋಕೆ ಇದನ್ನು ನಾಲ್ಕೂವರೆ ಪಟ್ಟು ಹಿಗ್ಗಿಸಿದ್ರೆ ಸಾಕು. 35 ಎಂಎಂ ಆದ್ರೆ ಹತ್ತು ಪಟ್ಟಿಗೂ ಜಾಸ್ತಿ ಹಿಗ್ಗಿಸಬೇಕು. ಕಮ್ಮಿ ಹಿಗ್ಗಿಸಿದಷ್ಟೂ ಚರ್ಮದ ಸುಕ್ಕು, ಸೀರೆಯ ನೂಲು ಹಾಗೇ ಉಳಿಯುತ್ತೆ. ಮೀಡಿಯಂ ಫಾರ್ಮ್ಯಾಟ್ ಅಂತ ಜನ ಹುಚ್ಚು ಹಿಡಿಸಿಕೊಳ್ಳೋದು ಇದಕ್ಕೇ.

120 ಫಿಲ್ಮ್‌ಗೆ ಡಬ್ಬಿ ಇಲ್ಲ. ಫಿಲ್ಮ್ ಹಿಂದೆ ಬೆಳಕು ತೂರದ ಉದ್ದನೆ ಕಾಗದ ಇರುತ್ತೆ, ಎರಡನ್ನೂ ಸೇರಿಸಿ ಸ್ಪೂಲ್‌ಗೆ ಸುತ್ತಿರ್ತಾರೆ. ಹೊಸ ರೋಲ್ ಕೆಳಗೆ, ಖಾಲಿ ಸ್ಪೂಲ್ ಮೇಲೆ. ಕಾಗದದ ತುದಿಯನ್ನು ಖಾಲಿ ಸ್ಪೂಲ್‌ನ ಸಂದಿಗೆ ಸಿಕ್ಕಿಸಿ, ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದೊಳಗಿನ ಗುರುತಿಗೆ ಸರಿಯಾಗಿ ಬರೋವರೆಗೆ ಸುತ್ತಿ, ಹಿಂಬಾಗಿಲು ಮುಚ್ಚಿ, ನಂಬರ್ 1 ಬಂದು ನಿಲ್ಲೋವರೆಗೆ ಮತ್ತೆ ಸುತ್ತಬೇಕು. ಇದನ್ನು ನೆರಳಲ್ಲಿ ಮಾಡಿ, ಸ್ಪೂಲ್ ಸಡಿಲ ಆಗೋಕೆ ಬಿಡಬೇಡಿ. ಹನ್ನೆರಡೂ ಮುಗಿದ ಮೇಲೆ ಪೂರ್ತಿ ಸುತ್ತಿ, ತುದಿಯ ಅಂಟು ಪಟ್ಟಿಯಿಂದ ಬಿಗಿಯಾಗಿ ಅಂಟಿಸಿ ತೆಗೀಬೇಕು. ಈಗ ಖಾಲಿಯಾದ ಕೆಳಗಿನ ಸ್ಪೂಲ್ ಮುಂದಿನ ರೋಲ್‌ಗೆ ಮೇಲಿನ ಸ್ಪೂಲ್ ಆಗುತ್ತೆ. ಅದನ್ನು ಮಾತ್ರ ಎಸೀಬೇಡಿ!

ಮೀಟರ್ ಇಲ್ಲದೆ ಬೆಳಕಿನ ಲೆಕ್ಕ

ಯಾಶಿಕಾ-ಡಿಯಲ್ಲಿ ಬ್ಯಾಟರಿ ಇಲ್ಲ, ಲೈಟ್ ಮೀಟರ್ ಇಲ್ಲ. ಅದಕ್ಕೆ ‘ಸನ್ನಿ 16’ ಅನ್ನೋ ಹಳೇ ನಿಯಮ ಇದೆ. ಚೆನ್ನಾಗಿ ಬಿಸಿಲಿದ್ರೆ ಅಪರ್ಚರ್ ಎಫ್/16 ಇಡಿ, ಶಟರ್ ಸ್ಪೀಡ್ ಅನ್ನು ಐಎಸ್ಒ ನಂಬರ್‌ಗೆ ಹತ್ತಿರ ಇಡಿ. 400 ಫಿಲ್ಮ್‌ಗೆ ಡಯಲ್‌ನಲ್ಲಿರೋ 1/500.

ಅಲ್ಲಿಂದ ಮುಂದೆ ಎಲ್ಲ 2ರ ಘಾತಗಳು. ಒಂದು ‘ಸ್ಟಾಪ್’ ಅಂದ್ರೆ ಬೆಳಕು ಎರಡು ಪಟ್ಟು ಅಥವಾ ಅರ್ಧ. ಬಯಲಿನ ನೆರಳಿಗೆ ಬಂದ್ರೆ ನಾಲ್ಕು ಸ್ಟಾಪ್ ಜಾಸ್ತಿ ಕೊಡಬೇಕು ಅಂದ್ಕೊಳ್ಳಿ. ಎಫ್/16ನಿಂದ 11, 8, 5.6, 4 ಹೀಗೆ ನಾಲ್ಕು ಮೆಟ್ಟಿಲು ಇಳಿದ್ರೆ 1/500ಕ್ಕೆ ಎಫ್/4. ಅದೇ ಬೆಳಕಿಗೆ ಎಫ್/5.6 ಮತ್ತು 1/250 ಕೂಡ ಸರಿ, ಎಫ್/8 ಮತ್ತು 1/125 ಕೂಡ ಸರಿ. ಒಳಗೆ ಬರೋ ಬೆಳಕಿನ ಮೊತ್ತ ಒಂದೇ. ಅಪರ್ಚರ್ ನಂಬರ್‌ಗಳು ವಿಚಿತ್ರವಾಗಿ ಕಾಣೋದು ಯಾಕೆ ಅಂದ್ರೆ ಅವು ರೂಟ್ 2ರಿಂದ ಏರ್ತಾ ಹೋಗುತ್ತವೆ. ತೂತಿನ ವ್ಯಾಸ ರೂಟ್ 2 ಪಟ್ಟು ಆದ್ರೆ ವಿಸ್ತೀರ್ಣ ಎರಡು ಪಟ್ಟು. ಇದನ್ನು ಕ್ಲಾಸ್‌ನಲ್ಲಿ ಯಾರಾದ್ರೂ ಹೀಗೆ ಹೇಳಿದ್ದಿದ್ರೆ ಲಾಗರಿದಮ್ ಮೇಲೆ ನನಗೆ ಇಷ್ಟು ಕೋಪ ಇರ್ತಿರಲಿಲ್ಲ.

ತಾತನ ಕಿವಿ

ಫಿಲ್ಮ್ ಹಾಕೋ ಮೊದಲು ಶಟರ್ ಸರಿ ಇದೆಯಾ ನೋಡ್ಬೇಕಿತ್ತು. ಬೀರುವಿನಲ್ಲಿ ಅಷ್ಟು ವರ್ಷ ಸುಮ್ಮನೆ ಕೂತಿದ್ದ ಮಷಿನ್. ನಾನು 1 ಸೆಕೆಂಡ್‌ಗೆ ಇಟ್ಟು ಕ್ಲಿಕ್ ಮಾಡಿದೆ. ಒಳಗಿನಿಂದ ಗಡಿಯಾರದ ಥರ ಗಿರ್ರ್ ಅಂತ ಸದ್ದು ಬಂದು ನಿಂತಿತು. ಜಗಲಿ ಮೇಲೆ ಕೂತಿದ್ದ ತಾತ ತಿರುಗಿ ಕೂಡ ನೋಡದೆ, “ಅದು ಒಂದು ಸೆಕೆಂಡ್ ಅಲ್ಲ ಕಣೇ, ಹತ್ತತ್ರ ಒಂದೂವರೆ. ಎಣ್ಣೆ ಗಟ್ಟಿಯಾಗಿದೆ” ಅಂದ್ರು.

ನಾನು ಇಂಜಿನಿಯರಿಂಗ್ ಸ್ಟೂಡೆಂಟ್ ಅಲ್ವಾ, ನಂಬಲಿಲ್ಲ. ಫೋನ್‌ನ ರೆಕಾರ್ಡರ್ ಆನ್ ಮಾಡಿ ಲೆನ್ಸ್ ಪಕ್ಕ ಇಟ್ಟು, ಆಡಿಯೋ ಎಡಿಟರ್‌ನಲ್ಲಿ ವೇವ್‌ಫಾರ್ಮ್ ತೆರೆದೆ. ಶಟರ್ ತೆರೆದಾಗ ಒಂದು ಪೀಕ್, ಮುಚ್ಚಿದಾಗ ಒಂದು ಪೀಕ್. ಮಧ್ಯದ ಅಂತರ ಅಳೆದ್ರೆ ಆಯ್ತು. 1 ಸೆಕೆಂಡ್ ಬದಲು 1.4 ಸೆಕೆಂಡ್ ಬಂತು. ಅರ್ಧ ಸೆಕೆಂಡ್ ಬದಲು 0.66. 1/15ಕ್ಕೆ 0.067 ಬರಬೇಕಾದದ್ದು 0.075. ನನ್ನ ಹತ್ತಿರ ಲ್ಯಾಪ್‌ಟಾಪ್ ಇತ್ತು, ತಾತನ ಹತ್ತಿರ ಕಿವಿ ಮಾತ್ರ ಇತ್ತು.

ನಿಧಾನ ಸ್ಪೀಡ್‌ಗಳನ್ನು ಗಡಿಯಾರದ ಒಳಗಿರೋ ಥರದ ಸಣ್ಣ ಗೇರ್‌ಗಳ ಸಾಲು ನಿಯಂತ್ರಿಸುತ್ತೆ. ಹಳೇ ಎಣ್ಣೆ ಅಂಟಾದ್ರೆ ಆ ಗೇರ್‌ಗಳು ಮೆಲ್ಲಗೆ ತಿರುಗುತ್ತವೆ. ಶಟರ್ ಜಾಸ್ತಿ ಹೊತ್ತು ತೆರೆದಿರುತ್ತೆ. 1.4 ಪಟ್ಟು ಅಂದ್ರೆ ಅರ್ಧ ಸ್ಟಾಪ್ ಬೆಳಕು ಜಾಸ್ತಿ, ನೆಗೆಟಿವ್ ಫಿಲ್ಮ್ ಅಷ್ಟನ್ನು ಸಲೀಸಾಗಿ ತಡ್ಕೊಳ್ಳುತ್ತೆ. ಈ ಆಡಿಯೋ ವಿಧಾನ ನಿಧಾನ ಸ್ಪೀಡ್‌ಗಳಿಗೆ ಮಾತ್ರ ಸರಿ. ಸ್ಪೀಡ್ ಜಾಸ್ತಿ ಆದ್ರೆ ಎರಡು ಪೀಕ್ ಒಂದಕ್ಕೊಂದು ಬೆರೆತು ಹೋಗುತ್ತವೆ.

ಮೊದಲ ರೋಲ್ ಹಾಳಾದದ್ದು

ಯಾಶಿಕಾ-ಡಿಯಲ್ಲಿ ಫಿಲ್ಮ್ ಸುತ್ತೋದು ಒಂದು ಕೆಲಸ, ಶಟರ್ ಸ್ಪ್ರಿಂಗ್ ಎಳೆಯೋದು ಬೇರೆ ಕೆಲಸ. ಎರಡಕ್ಕೂ ಒಳಗೆ ಸಂಬಂಧ ಇಲ್ಲ. ಫಿಲ್ಮ್ ಸುತ್ತದೇ ಇದ್ದರೂ ಲಿವರ್ ಎಳೆದು ಮತ್ತೆ ಕ್ಲಿಕ್ ಮಾಡಬಹುದು. ಕ್ಯಾಮೆರಾ ಏನೂ ಹೇಳಲ್ಲ. ಒಂದೇ ಫ್ರೇಮ್ ಮೇಲೆ ಎರಡು ಚಿತ್ರ ಬೀಳುತ್ತೆ.

ನಾನು ಮೊದಲ ರೋಲ್‌ನಲ್ಲಿ ಮೂರು ಸಲ ಹಾಗೆ ಮಾಡಿದೆ. ಆಮೇಲೆ “ಸುತ್ತಿದ್ನಾ ಇಲ್ವಾ” ಅಂತ ಅನುಮಾನ ಬಂದು ಎರಡೆರಡು ಸಲ ಸುತ್ತಿ ಎರಡು ಫ್ರೇಮ್ ಖಾಲಿ ಬಿಟ್ಟೆ. ನಾಲ್ಕು ಫೋಕಸ್ ತಪ್ಪಿದ್ದು. ತಾತ ಅಜ್ಜಿ ಜೊತೆಯಾಗಿ ಕೂತ ಫ್ರೇಮ್ ಇತ್ತಲ್ಲ, ಅದರ ಮೇಲೆ ಹಿತ್ತಲಿನ ತೆಂಗಿನ ಮರ ಬಂದು ಕೂತಿತ್ತು. ಅಜ್ಜಿಯ ಮುಖದಿಂದ ಗರಿ ಹೊರಟ ಹಾಗೆ. ಇನ್‌ಸ್ಟಾಗೆ ಹಾಕಿದ್ರೆ ಆರ್ಟ್ ಅಂತಿದ್ರು. ಆದರೆ ತಾತನಿಗೆ ಏನಂತ ಹೇಳೋದು? ಅವರು ಆವತ್ತು ಶೇವ್ ಮಾಡಿಸಿಕೊಂಡು, ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂತಿದ್ರು.

ಹೇಳಿದೆ. ಬೈಯಲಿಲ್ಲ. ತಮ್ಮ ಮೊದಲ ಮದುವೆ ಆರ್ಡರ್‌ನಲ್ಲಿ ಧಾರೆ ಎರೆಯೋ ಫ್ರೇಮ್ ಮೇಲೇ ಊಟದ ಪಂಕ್ತಿ ತೆಗೆದು, ಹುಡುಗಿ ಅಪ್ಪನ ಕೈಲಿ ಬೈಸಿಕೊಂಡ ಕಥೆ ಹೇಳಿದ್ರು. “ತೆಗೆದ ಕೂಡಲೇ ಸುತ್ತು. ಮನೆಗೆ ಬೆಂಕಿ ಬಿದ್ರೂ ಮೊದಲು ಸುತ್ತು, ಆಮೇಲೆ ಓಡು.” ಇದು ನಿಯಮ. ಬರೆದಿಟ್ಟುಕೊಳ್ಳಿ.

ತಲೆ ಕತ್ತರಿಸೋ ಪ್ಯಾರಲಾಕ್ಸ್

ಇನ್ನೊಂದು ಪಾಠವೂ ಆ ರೋಲ್‌ನಲ್ಲೇ ಸಿಕ್ತು. ಹತ್ತಿರದಿಂದ ತೆಗೆದ ಮುಖಗಳಲ್ಲಿ ತಲೆಯ ಮೇಲ್ಭಾಗ ಕಟ್ ಆಗಿತ್ತು. ನಾವು ನೋಡೋ ಲೆನ್ಸ್ ಮೇಲೆ, ಚಿತ್ರ ತೆಗೆಯೋ ಲೆನ್ಸ್ ಸುಮಾರು 4 ಸೆಂ.ಮೀ. ಕೆಳಗೆ. ಕೆಳಗಿನದು ನೋಡೋ ಜಾಗವೂ ಅಷ್ಟೇ ಕೆಳಗೆ. 10 ಮೀಟರ್ ದೂರದಲ್ಲಿ ಫ್ರೇಮ್‌ಗೆ ಸುಮಾರು 7 ಮೀಟರ್ ಅಗಲದ ದೃಶ್ಯ ಬರುತ್ತೆ, ಅಲ್ಲಿ 4 ಸೆಂ.ಮೀ. ಲೆಕ್ಕಕ್ಕಿಲ್ಲ. ಆದರೆ 1 ಮೀಟರ್‌ನಲ್ಲಿ ಫ್ರೇಮ್‌ಗೆ ಬರೋದೇ ಸುಮಾರು 64 ಸೆಂ.ಮೀ. ಅದರಲ್ಲಿ 4 ಅಂದ್ರೆ ಶೇಕಡ 6. ತಲೆಗೂದಲು ಹೋಗೋಕೆ ಅಷ್ಟು ಸಾಕು. ಉಪಾಯ ಸುಲಭ: ತಲೆ ಮೇಲೆ ಸ್ವಲ್ಪ ಜಾಗ ಬಿಡಿ, ಅಥವಾ ಫ್ರೇಮ್ ಕೂಡಿಸಿದ ಮೇಲೆ ಕ್ಯಾಮೆರಾನ ನಾಲ್ಕು ಸೆಂಟಿಮೀಟರ್ ಮೇಲೆತ್ತಿ.

ಎರಡನೇ ರೋಲ್

ಎರಡನೇ ರೋಲ್ ಬರೋಕೆ ಹತ್ತು ದಿನ ಆಯ್ತು. ರಜೆ ಮುಗಿಯೋಕೆ ನಾಲ್ಕೇ ದಿನ ಉಳಿದಿತ್ತು. ಜಗಲಿ ಮೇಲೆ ಬೆಳಿಗ್ಗೆ ಒಂಬತ್ತರ ಬೆಳಕು. ಬಯಲಿನ ನೆರಳಿಗಿಂತ ಇನ್ನೂ ಎರಡು ಸ್ಟಾಪ್ ಕಮ್ಮಿ. ಅಂದ್ರೆ ಎಫ್/5.6, 1/60. ಎರಡು ಮೀಟರ್ ದೂರ. ಅಜ್ಜಿ ಮುಂದೆ ಮೆಟ್ಟಿಲ ಮೇಲೆ, ತಾತ ಹಿಂದೆ ಕುರ್ಚಿಯಲ್ಲಿ. ಗಾಜಿನ ಮೇಲಿನ ಭೂತಗನ್ನಡಿ ಎತ್ತಿ ಅಜ್ಜಿಯ ಮೂಗುಬೊಟ್ಟಿಗೆ ಫೋಕಸ್ ಮಾಡಿದೆ. ತಲೆ ತಗ್ಗಿಸಿ ನಿಂತದ್ದಕ್ಕೋ ಏನೋ, ಇಬ್ಬರೂ ಫೋಟೋಗೆ ಅಂತ ಬಿಗಿಯಾಗಿ ಕೂರಲಿಲ್ಲ. “ಏನು, ನಮಸ್ಕಾರ ಮಾಡ್ತಾ ನಿಂತಿದ್ದೀಯಾ?” ಅಂತ ಅಜ್ಜಿ ನಕ್ಕರು. ಆಗ ಕ್ಲಿಕ್ ಮಾಡಿದೆ. ಕೂಡಲೇ ಸುತ್ತಿದೆ.

ಡೆವಲಪ್ ಮಾಡಿದ್ದು ಬಚ್ಚಲುಮನೆಯಲ್ಲಿ. ಪೂರ್ತಿ ಕತ್ತಲಲ್ಲಿ ಫಿಲ್ಮ್‌ನ ಕಾಗದದಿಂದ ಬಿಡಿಸಿ, ರೀಲ್‌ಗೆ ಏರಿಸಿ, ಬೆಳಕು ಹೋಗದ ಟ್ಯಾಂಕ್‌ನೊಳಗೆ ಹಾಕಿ ಮುಚ್ಚಳ ಮುಚ್ಚಿದ್ರೆ ಆಮೇಲಿನ ಕೆಲಸ ಲೈಟ್ ಹಾಕಿಕೊಂಡೇ ಮಾಡಬಹುದು. ಕೊಡಕ್ ಡಿ-76 ಡೆವಲಪರ್‌ನ ನೀರು ಬೆರೆಸದೆ ಬಳಸಿದ್ರೆ ಎಚ್‌ಪಿ5ಗೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ನಮ್ಮ ನಲ್ಲಿ ನೀರು 27 ಡಿಗ್ರಿ ಇತ್ತು. ಬಿಸಿ ಜಾಸ್ತಿ ಆದ್ರೆ ರಿಯಾಕ್ಷನ್ ವೇಗವಾಗಿ ನಡೆದು ನೆಗೆಟಿವ್ ಕರ್ರಗಾಗುತ್ತೆ. ಅದಕ್ಕೆ ಬಕೆಟ್‌ಗೆ ಐಸ್ ಹಾಕಿ ಬಾಟಲಿಗಳನ್ನು ತಣ್ಣಗೆ ಮಾಡಿಕೊಂಡೆ. ಬೆಳಕು ಬಿದ್ದ ಸಿಲ್ವರ್ ಹಾಲೈಡ್ ಕಣಗಳನ್ನು ಡೆವಲಪರ್ ಬೆಳ್ಳಿಯಾಗಿ ಬದಲಾಯಿಸುತ್ತೆ, ಬೀಳದೇ ಉಳಿದದ್ದನ್ನು ಫಿಕ್ಸರ್ ಕರಗಿಸಿ ತೆಗೆಯುತ್ತೆ. ಆಮೇಲೆ ಚೆನ್ನಾಗಿ ತೊಳೆದು ಬಟ್ಟೆ ಒಣಗಿಸೋ ಹಗ್ಗಕ್ಕೆ ಕ್ಲಿಪ್ ಹಾಕಿದೆ. ಹನ್ನೆರಡು ಚೌಕ. ಮೂಗುಬೊಟ್ಟು ಕಪ್ಪು ಚುಕ್ಕೆಯಾಗಿ ಕಾಣ್ತಿತ್ತು. ನೆಗೆಟಿವ್‌ನಲ್ಲಿ ಹೊಳೆಯೋದೆಲ್ಲ ಕಪ್ಪು.

ಫ್ರೆಂಡ್‌ನ ಡಿಎಸ್ಎಲ್ಆರ್‌ನಿಂದ ಸ್ಕ್ಯಾನ್ ಮಾಡಿ, 10 ಇಂಚಿನ ಪ್ರಿಂಟ್ ಹಾಕಿಸಿ, ಮುಂದಿನ ಶನಿವಾರ ಬಸ್ ಹತ್ತಿ ಊರಿಗೆ ಹೋದೆ. ತಾತ ಕಿಟಕಿ ಹತ್ತಿರ ಕೂತು, ನೆಗೆಟಿವ್ ರೀಟಚ್ ಮಾಡ್ತಿದ್ದ ಹಳೇ ಭೂತಗನ್ನಡಿ ಹಿಡಿದು ನೋಡಿದ್ರು. ಇಡೀ ಚಿತ್ರ ಒಟ್ಟಿಗೆ ಅವರಿಗೆ ಕಾಣಲ್ಲ. ಒಂದು ಮೂಲೆಯಿಂದ ಶುರು ಮಾಡಿ ಸಾಲು ಸಾಲಾಗಿ ನೋಡಿದ್ರು. ಹತ್ತು ನಿಮಿಷ ಆಗಿರಬೇಕು.

“ಅಜ್ಜಿ ಶಾರ್ಪ್ ಇದ್ದಾಳೆ. ನಾನಿಲ್ಲ” ಅಂದ್ರು.

ನಿಜ. ಎರಡು ಮೀಟರ್ ದೂರದಲ್ಲಿ ಎಫ್/5.6ಗೆ ಚೊಕ್ಕವಾಗಿ ಕಾಣೋ ಆಳ ಹಿಂದೆ ಮುಂದೆ ಸೇರಿ ಸುಮಾರು 35 ಸೆಂ.ಮೀ. ಮಾತ್ರ. ತಾತ ಅದಕ್ಕಿಂತ ಹಿಂದೆ ಕೂತಿದ್ರು. ಎಫ್/11 ಇಟ್ಟಿದ್ರೆ ಇಬ್ಬರೂ ಬರ್ತಿದ್ರು. ಆದರೆ ಆಗ ಶಟರ್ 1/15ಕ್ಕೆ ಇಳಿಯುತ್ತೆ, ಕೈಯಲ್ಲಿ ಹಿಡಿದ್ರೆ ಅಲುಗಾಡುತ್ತೆ. ಇದನ್ನೆಲ್ಲ ವಿವರಿಸೋಕೆ ಹೋದೆ. “ಸ್ಟ್ಯಾಂಡ್ ಅಟ್ಟದ ಮೇಲಿದೆ, ಕೇಳಿದ್ದಿದ್ರೆ ಹೇಳ್ತಿದ್ದೆ” ಅಂದ್ರು. ಮತ್ತೆ ಭೂತಗನ್ನಡಿ ಹಿಡಿದು ಅಜ್ಜಿಯ ಮುಖದ ಹತ್ತಿರ ಹೋದ್ರು. ಆ ಪ್ರಿಂಟ್ ಈಗ ಅವರ ಮಂಚದ ಪಕ್ಕದ ಗೋಡೆಯಲ್ಲಿದೆ. ಸ್ಟ್ಯಾಂಡ್ ನನ್ನ ಹಾಸ್ಟೆಲ್ ರೂಮಿನಲ್ಲಿದೆ.

ದೀಪಾವಳಿಗೆ ಮೂರನೇ ರೋಲ್. ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದೊಂದು ಡಬ್ಬಿ ಇರಬಹುದು, ಒಮ್ಮೆ ಹುಡುಕಿ. ಸಿಕ್ಕಿದ್ರೆ ಮೊದಲು ಲೆನ್ಸ್‌ನೊಳಗೆ ಫಂಗಸ್ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ, ಆಮೇಲೆ ಶಟರ್ ಸದ್ದು ಕೇಳಿ. ಅದನ್ನು ಬಳಸಿದವರು ಮನೆಯಲ್ಲಿದ್ದರೆ ಅವರ ಪಕ್ಕ ಕೂತೇ ಕೇಳಿ. ಅನುಮಾನ ಇದ್ರೆ ಕನ್ನಡ ಸಂಘದ ಶುಕ್ರವಾರದ ಮೀಟಿಂಗ್‌ಗೆ ತನ್ನಿ, ಒಟ್ಟಿಗೆ ನೋಡೋಣ. ಫಿಲ್ಮ್ ಮಾತ್ರ ನಿಮ್ಮದೇ ದುಡ್ಡಲ್ಲಿ!